ಅಯ್ಯನೋರು ಹುಂಜ ವಾಪಸ್ ಕೊಟ್ಟದ್ದು

ನಮ್ಮ ಚಿಗೊಂಬೆಯಲ್ಲಿ ಹಗಲು ಹೊತ್ತು ಬಾಗಿಲು ಹಾಕಿಕೊಳ್ಳುವವರು ಎರಡೇ ಥರ. ಒಂದೋ ಮನೆಯಲ್ಲಿ ಸಾವಾಗಿರಬೇಕು, ಇಲ್ಲಾ ಒಳಗೆ ಮಾಟ ನಡೀತಿರಬೇಕು. ಫಾರ್ಕರ್ ಅಯ್ಯನೋರು ಹೆಂಡತಿ ಮಗು ಕಟ್ಟಿಕೊಂಡು ಸ್ಕಾಟ್ಲೆಂಡಿನಿಂದ ಬಂದು ನಮ್ಮೂರ ಮಿಷನ್ ಮನೆಯಲ್ಲಿ ಇಳಿದ ಮಾರನೇ ದಿನವೇ, ಮಧ್ಯಾಹ್ನ ಉಂಡು, ಚಿಲಕ ಹಾಕಿಕೊಂಡು ಮೂವರೂ ಮಲಗಿಬಿಟ್ಟರು.

ಪಾದ್ರಿ ಮನೆಯಲ್ಲಿ ಮಾಟ ಎಲ್ಲಿಂದ ಬರಬೇಕು? ಹಾಗಾದರೆ ಯಾರೋ ಹೋಗಿಬಿಟ್ಟರು, ಪಾಪ, ಬಂದ ಕಾಲು ತೊಳೆಯುವ ಮೊದಲೇ ಹೀಗಾಯಿತಲ್ಲ ಅಂತ ನಾನೇ ಮೊದಲು ಬೇಲಿ ದಾಟಿ ಹೋಗಿ ಅವರ ಜಗುಲಿಯಲ್ಲಿ ಕಾಲು ಚಾಚಿ ಕೂತೆ. ನನ್ನನ್ನು ನೋಡಿ ಇನ್ನೊಬ್ಬಳು ಬಂದಳು, ಅವಳನ್ನು ನೋಡಿ ಮತ್ತೊಬ್ಬಳು. ಬಿಸಿಲು ವಾಲುವ ಹೊತ್ತಿಗೆ ಊರ ಹೆಂಗಸರೆಲ್ಲ ಅಲ್ಲೇ. ಒಬ್ಬರೂ ತುಟಿ ಬಿಚ್ಚಲಿಲ್ಲ. ಸಾವಿನ ಮನೆಗೆ ಬರಿಗೈಲಿ ಹೋಗಬಾರದು ಅಂತ ಕೆಲವರು ಬುಟ್ಟಿಯಲ್ಲಿ ಹಿಟ್ಟು ತಂದಿದ್ದರು.

ಕೊನೆಗೆ ಅಯ್ಯನೋರ ಹೆಂಡತಿ ಐಲ್ಸಾ ಅಮ್ಮ ಕಣ್ಣುಜ್ಜಿಕೊಂಡು ಬಾಗಿಲು ತೆಗೆದರು. ಜಗುಲಿ ತುಂಬ ಮೂಕ ಹೆಂಗಸರನ್ನು ಕಂಡು ಕಿಟ್ಟನೆ ಚೀರಿದರು. ಸರಿ, ಮನೆಯವರು ಅಳು ಶುರು ಮಾಡಿದರು ಅಂತ ನಾವೂ ಎದೆ ಬಡಿದುಕೊಂಡು ಹೋ ಅಂತ ಶುರು ಹಚ್ಚಿಕೊಂಡೆವು. ಆಮೇಲೆ ಅಯ್ಯನೋರು ಚಡ್ಡಿಯಲ್ಲಿ ಓಡಿ ಬಂದರು, ಹಿಂದೆಯೇ ಮಗು ಬಂತು. ನೋಡಿದರೆ ಮೂವರೂ ಗುಂಡುಕಲ್ಲಿನ ಹಾಗೆ ಇದ್ದಾರೆ! ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಸತ್ತಿಲ್ಲ ಅಂದ ಮೇಲೆ ಬಾಗಿಲು ಯಾಕೆ ಹಾಕಬೇಕು?

"ಎಲೈ ಸ್ತ್ರೀಯರೇ, ನಿಮಗೆ ಒದಗಿದ ಸಂಕಟವೇನು?" ಅಂದರು ಅಯ್ಯನೋರು.

ಅವರ ಮಾತೇ ಹಾಗೆ. ನಮ್ಮ ಭಾಷೆಯನ್ನು ಹಡಗಿನಲ್ಲಿ ಕೂತು ಹಳೇ ಧರ್ಮಪುಸ್ತಕದಿಂದ ಕಲಿತು ಬಂದಿದ್ದರು. ಉಪ್ಪು ಬೇಕಾದರೂ ಬೆಟ್ಟದ ಮೇಲೆ ನಿಂತು ಪ್ರವಾದನೆ ಮಾಡಿದ ಹಾಗೆ ಕೇಳುತ್ತಿದ್ದರು. ಅವರ ಮಗಳು ಮೊರಾಗ್, ನಮ್ಮ ಬಾಯಿಗೆ ಸಿಕ್ಕಿ ಮೊಲಾಗಿ ಆದವಳು, ಅವಳ ದಾರಿಯೇ ಬೇರೆ. ಕೆಂಪು ಕೂದಲಿನ ಏಳು ವರ್ಷದ ಕೂಸು. ಬಂದ ಹೊಸತರಲ್ಲಿ ಊಟ ಬಿಟ್ಟು, ಯಾರ ಜೊತೆಗೂ ಸೇರದೆ, ಗೇಟಿನ ಹತ್ತಿರ ನಿಂತು ಲಾರಿ ಬಂದ ದಾರಿಯನ್ನೇ ನೋಡುತ್ತಿತ್ತು. ಹುಡುಗಿಗೆ ಜಂಬ ಅಂದುಕೊಂಡೆ ನಾನು. ಮಳೆಗಾಲ ಹಿಡಿಯುವ ಹೊತ್ತಿಗೆ ನಮ್ಮ ಮಕ್ಕಳ ಜೊತೆ ಮಣ್ಣಲ್ಲಿ ಹೊರಳಾಡಿ, ನಮ್ಮ ಬೀದಿ ಮಾತನ್ನು ಬೈಗುಳದ ಸಮೇತ ಕಲಿತುಬಿಟ್ಟಿತು. ಅಪ್ಪ ಮೋಶೆಯ ಥರ ಮಾತಾಡಿದರೆ ಮಗಳು ಸಂತೆಯಲ್ಲಿ ಒಣಮೀನು ಮಾರುವವಳ ಥರ ಮಾತಾಡುತ್ತಿದ್ದಳು.

ನಾನು ಫಲೆಸಿ. ಮಿಷನ್ ಮನೆಗೂ ನನ್ನ ಮನೆಗೂ ನಡುವೆ ಒಂದು ಬೇಲಿ, ಅದೂ ಅರ್ಧ ಬಿದ್ದದ್ದು. ಗಂಡ ತೀರಿಕೊಂಡ ಮೇಲೆ ಅದನ್ನು ಎತ್ತಿ ನಿಲ್ಲಿಸುವವರಿಲ್ಲ. ಹುಲ್ಲಿನ ಮಾಡು ಸೋರುತ್ತಿತ್ತು. ಕಕ್ಕಸು ಗುಂಡಿಯ ವಿಷಯ ಕೇಳಲೇಬೇಡಿ, ತುಂಬಿ ಮೂಗು ಬಿಡುವ ಹಾಗಿರಲಿಲ್ಲ. ಇದಕ್ಕೆಲ್ಲ ಮದ್ದು ಒಂದೇ: ಅಳಿಯ. ಮಗಳನ್ನು ಕಳಿಸಿಕೊಟ್ಟು ಅಳುವವರು ಬೇರೆ ಸೀಮೆಯ ಜನ. ನಮ್ಮಲ್ಲಿ ಹುಡುಗನೇ ತನ್ನ ಊರು ಬಿಟ್ಟು ಬಂದು, ಅತ್ತೆಯ ಅಂಗಳದಲ್ಲಿ ಮನೆ ಕಟ್ಟಿ, ಅತ್ತೆಯ ಹೊಲ ಗೇಯಬೇಕು. ಮನೆ ಅಳಿಯ ಬಂದ ಮೊದಲ ದಿನ ಗುಂಡಿ ತೋಡಿಸಬೇಕು, ಎರಡನೇ ದಿನ ಮಾಡು, ಆಮೇಲೆ ಬೇಲಿ ಅಂತ ನಾನು ಮನಸ್ಸಿನಲ್ಲೇ ಮಂಡಿಗೆ ತಿನ್ನುತ್ತಿದ್ದೆ.

ಆದರೆ ಅಳಿಯ ಬರಬೇಕಲ್ಲ! ನನ್ನ ಮಗಳು ತಿಯಾಮಿಕೆಗೆ ಎರಡು ಸಲ ಮಾತಾಗಿ ಎರಡೂ ಮುರಿದಿತ್ತು. ಮೊದಲನೆಯವನು ಗಡಿಯಾಚೆ ಜೋನಿ ಪಟ್ಟಣದ ಚಿನ್ನದ ಗಣಿಗೆ ಅಂತ ಹೋಗಿ ಅಲ್ಲೇ ಯಾರನ್ನೋ ಕಟ್ಟಿಕೊಂಡ. ಎರಡನೆಯದನ್ನು ನನ್ನ ದಾಯಾದಿ ತಮ್ಮ ದೌದ ಕೆಡಿಸಿದ. ಹೆಣ್ಣಿನ ಪರವಾಗಿ ಮಾತಾಡಬೇಕಾದವನು ಸೋದರಮಾವ. ನನ್ನ ಒಡಹುಟ್ಟಿದ ಅಣ್ಣನೂ ಜೋನಿಗೆ ಹೋಗಿ ಕಾಣೆಯಾಗಿದ್ದ, ಅದಕ್ಕೆ ದೌದನನ್ನು ಕೂರಿಸಿದ್ದೆ. ಆ ಪುಣ್ಯಾತ್ಮ ಕುಡಿದು ಬಂದು, ಗಂಡಿನ ಕಡೆಯವರು ತಂದ ಹುಂಜವನ್ನು ಎತ್ತಿ ತೂಗಿ ನೋಡಿ, "ಹುಂಜ ಪರವಾಗಿಲ್ಲ, ನಿಮ್ಮ ಹುಡುಗನೇ ಸ್ವಲ್ಪ ತೆಳ್ಳಗಾದ" ಅಂದ. ಅವರು ಹುಂಜ ಎತ್ತಿಕೊಂಡು ಎದ್ದು ಹೋದರು.

ಅದಾದ ಮೇಲೆ ತಿಯಾಮಿಕೆ ಓರಗೆಯವರ ಜೊತೆ ನೀರಿಗೆ ಹೋಗುವುದು ಬಿಟ್ಟಳು. ಅವರೆಲ್ಲ ಬೆನ್ನಿಗೆ ಕೂಸು ಕಟ್ಟಿಕೊಂಡು ಬರುತ್ತಿದ್ದರು, ಇವಳು ಒಬ್ಬಳೇ ಮಧ್ಯಾಹ್ನದ ಉರಿಬಿಸಿಲಲ್ಲಿ ಕೊಡ ಹೊತ್ತು ಹೋಗುತ್ತಿದ್ದಳು. ಅದನ್ನು ನೋಡಿದಾಗೆಲ್ಲ, ಗುಂಡಿ ಹಾಳಾಗಿ ಹೋಗಲಿ, ಮಾಡು ಸೋರಿ ಸಾಯಲಿ, ನನ್ನ ಮಗಳು ಎಲ್ಲರ ಜೊತೆ ನೀರಿಗೆ ಹೋದರೆ ಸಾಕು ಅನ್ನಿಸುತ್ತಿತ್ತು.

ಆಗ ಬಂದವನು ಲೆವಿಸೋನಿ. ನದಿಯಾಚೆಯವನು, ಸೈಕಲ್ ರಿಪೇರಿ ಕೆಲಸ. ಸೈಕಲ್ಲೇ ಇಲ್ಲದ ನನ್ನ ಮನೆ ಮುಂದೆ ದಿನಾ ಬಂದು ನಿಂತು, "ಸೈಕಲ್ ಏನಾದ್ರೂ ಕೆಟ್ಟಿದ್ಯಾ, ಅಮ್ಮಾ?" ಅಂತ ಕೇಳುತ್ತಿದ್ದ. ತಿಯಾಮಿಕೆ ಒಳಗೆ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು. ನನಗೆ ಅರ್ಥವಾಗದೆ ಏನು? ಮಾತು ಕಳಿಸಿದರು, ಬನ್ನಿ ಅಂದೆವು. ಈ ಸಲವೂ ಮುರಿದರೆ ನಾಲ್ಕನೆಯವನು ಬರುವುದಿಲ್ಲ ಅನ್ನುವುದು ನನಗೂ ಗೊತ್ತು, ಅವಳಿಗೂ ಗೊತ್ತು, ಊರಿಗೂ ಗೊತ್ತು. ದೌದ ಬೇಡ. ಊರಲ್ಲಿ ಕುಡಿಯದ ಗಂಡಸು ಯಾರು ಅಂತ ಯೋಚಿಸಿ ಬೇಲಿ ದಾಟಿದೆ.

"ಅಯ್ಯನೋರೆ, ನೀವು ಕುಡೀತೀರಾ?"

"ಇಲ್ಲ ಸ್ತ್ರೀಯೇ. ಮದ್ಯವು ನನ್ನ ತುಟಿಗಳನ್ನು ಸೋಂಕಿದ್ದಿಲ್ಲ."

"ಸಂತೋಷ. ಹಂಗಾದ್ರೆ ಇವತ್ತಿಂದ ನೀವು ನನ್ನ ತಮ್ಮ. ತಿಯಾಮಿಕೆಗೆ ಸೋದರಮಾವ. ಶನಿವಾರ ಗಂಡಿನ ಕಡೆಯೋರು ಬರ್ತಾರೆ, ನಮ್ಮ ಪರವಾಗಿ ನೀವೇ ಕೂತ್ಕೋಬೇಕು."

ಅವರ ಕಣ್ಣಲ್ಲಿ ನೀರು ಬಂತು. "ಈ ಊರಿನಲ್ಲಿ ನಾನು ಪರದೇಶಿಯಾಗಿದ್ದೆನು. ನೀನು ನನ್ನನ್ನು ಸಹೋದರನೆಂದು ಕರೆದಿ" ಅಂದರು.

"ಕರ್ದಿದ್ದೀನಿ ನಿಜ, ಆದ್ರೆ ಕೆಲ್ಸ ಕೆಡಿಸಿದ್ರೆ ತಮ್ಮ ಅಂತಲೂ ನೋಡಲ್ಲ" ಅಂದೆ ನಾನು. ಮೊದಲೇ ಹೇಳಿಬಿಡುವುದು ಒಳ್ಳೆಯದು.

ಶನಿವಾರದವರೆಗೆ ದಿನಾ ಸಂಜೆ ಅವರ ಅಡುಗೆಮನೆಯಲ್ಲಿ ಪಾಠ. ಎಲ್ಲಿ ಕೂರಬೇಕು, ಕೈ ಹೇಗೆ ಬೊಗಸೆ ಮಾಡಿ ಚಪ್ಪಾಳೆ ತಟ್ಟಬೇಕು, ಯಾವಾಗ ಕೆಮ್ಮಬೇಕು. ಮೊಲಾಗಿ ಗಂಡಿನ ಕಡೆಯವಳಾದಳು.

"ನಿಮ್ಮ ಅಂಗಳದಲ್ಲಿ ಒಂದು ಹ್ಯಾಟೆ ಕಂಡ್ವಿ" ಅಂದಳು, ಸೊಂಟದ ಮೇಲೆ ಕೈ ಇಟ್ಟುಕೊಂಡು.

"ಹೌದು, ಅದು ಫಲೆಸಿಯ ಚುಕ್ಕೆಯ ಹ್ಯಾಟೆಯಾಗಿದೆ" ಅಂದರು ಅಯ್ಯನೋರು.

"ಅಪ್ಪಾ, ಅದು ತಿಯಾಮಿಕೆ ಅಕ್ಕ! ಕೋಳಿ ಅಂದ್ರೆ ಹುಡುಗಿ. ನೀನು ಕೆಮ್ಮಬೇಕು ಅಷ್ಟೇ!"

ಎಲ್ಲ ಕಲಿಸಿದೆ. ಒಂದನ್ನು ಬಿಟ್ಟು. ಕೊಟ್ಟ ಹುಂಜವನ್ನು ವಾಪಸ್ ಕೊಡಬಾರದು ಅಂತ ಹೇಳಲಿಲ್ಲ. ನೀರು ಒದ್ದೆ ಇರುತ್ತದೆ ಅಂತ ಯಾರಾದರೂ ಹೇಳಿಕೊಡುತ್ತಾರೆಯೇ?

ಶನಿವಾರ ಎಲ್ಲ ಹೂವೆತ್ತಿದ ಹಾಗೆ ನಡೆಯಿತು. ಲೆವಿಸೋನಿಯನ್ನು ಚಿಕ್ಕಂದಿನಿಂದ ಸಾಕಿದ ಸೋದರಮಾವ ಮಟೆಯೊ ಬಂದಿದ್ದ. ಒಣಗಿದ ಕೊರಡಿನಂಥ ಮುದುಕ, ಬಾಯಿ ಮಾತ್ರ ಕತ್ತಿ. ಅಯ್ಯನೋರು ಹೇಳಿದ ಕಡೆ ಕೂತರು, ಹೇಳಿದಾಗ ಕೆಮ್ಮಿದರು. ಒಂದು ಸಲ ಹೆಚ್ಚಾಗಿಯೇ ಕೆಮ್ಮಿದರು, ಅದು ಒಲೆಯ ಹೊಗೆಗೆ. ಮಟೆಯೊ ಹುಂಜ ಕೊಟ್ಟ, ಕೆಂಪು ಗರಿ, ಜುಟ್ಟು ನೆಟ್ಟಗೆ. ನಮ್ಮ ಕಡೆಯಿಂದ ಚುಕ್ಕೆ ಹ್ಯಾಟೆ ಹೋಯಿತು. ಹುಂಜ ಹ್ಯಾಟೆ ಕೈ ಬದಲಾದರೆ ಮಾತು ಆಯಿತು ಅಂತ. ಎರಡೂ ಕಡೆಯವರು ಅವನ್ನು ಸಾರು ಮಾಡಿ ಉಂಡರೆ ಮಾತು ಗಟ್ಟಿಯಾಯಿತು ಅಂತ.

"ಈ ಬಿಳಿ ಮಾವ ಪರವಾಗಿಲ್ಲ ಕಣಮ್ಮ. ನಮ್ಮೋರಷ್ಟು ವಟವಟ ಅನ್ನಲ್ಲ" ಅಂತ ಮಟೆಯೊ ನನ್ನ ಕಿವಿಯಲ್ಲಿ ಹೇಳಿ ಹೋದ. ನನಗೆ ಸ್ವರ್ಗಕ್ಕೆ ಮೂರೇ ಗೇಣು. "ಹುಂಜ ಮಾವನ ಪಾಲು, ಅಯ್ಯನೋರೆ. ಬೇಗ ಸಾರು ಮಾಡಿ, ನನಗೊಂದು ಬಟ್ಟಲು ಕಳಿಸಿ" ಅಂತ ಹೇಳಿ ಮನೆಗೆ ಬಂದೆ.

ಶನಿವಾರ ಕತ್ತಲಾಗಿಬಿಟ್ಟಿತ್ತು. ಭಾನುವಾರ ಅವರ ಮನೆಯಲ್ಲಿ ಕತ್ತಿ ಮುಟ್ಟುವುದಿಲ್ಲ, ಒಲೆ ಹಚ್ಚುವುದಿಲ್ಲ, ನಗುವುದೂ ಅಷ್ಟಕ್ಕಷ್ಟೇ. ಹುಂಜ ಅವರ ಹಿತ್ತಲಲ್ಲೇ ಉಳಿಯಿತು. ಸೋಮವಾರ ಸಾರು ಬರುತ್ತದೆ ಅಂತ ನಾನು ಬರೀ ಮುದ್ದೆ ತೊಳಸಿ ಇಟ್ಟುಕೊಂಡು ಕಾದೆ. ಬರಲಿಲ್ಲ. ಜಿಪುಣರು ಅಂದುಕೊಂಡು ಸೊಪ್ಪಿನಲ್ಲಿ ಉಂಡೆ.

ಮಂಗಳವಾರ ಬೆಳಿಗ್ಗೆ ಒರಳಲ್ಲಿ ಜೋಳ ಕುಟ್ಟುತ್ತಿದ್ದೆ. ನದಿಯಾಚೆಯ ಇಬ್ಬರು ಹೆಂಗಸರು ಬಂದರು. ಕ್ಷೇಮಸಮಾಚಾರ ಕೇಳಲಿಲ್ಲ, ಕೂರಲಿಲ್ಲ. ಒಂದು ಬುಟ್ಟಿಯನ್ನು ನನ್ನ ಕಾಲ ಹತ್ತಿರ ಇಟ್ಟು ತಿರುಗಿ ನೋಡದೆ ಹೋದರು. ಬುಟ್ಟಿಯಿಂದ ನನ್ನ ಚುಕ್ಕೆ ಹ್ಯಾಟೆ ಕತ್ತು ಎತ್ತಿ ನೋಡಿತು.

ನನ್ನ ಕೈಯಿಂದ ಒನಕೆ ಬಿತ್ತು. ತಿಯಾಮಿಕೆ ಹೊರಗೆ ಬಂದಳು. ಹ್ಯಾಟೆಯನ್ನು ನೋಡಿದಳು, ನನ್ನನ್ನು ನೋಡಿದಳು, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಳುವ ಸದ್ದೂ ಬರಲಿಲ್ಲ. ಅತ್ತಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು.

ಹಗಲು ಹೊತ್ತು ಬಾಗಿಲು ಮುಚ್ಚಿದೆ ಅಂದರೆ ಹೇಳಿ ಕಳಿಸಬೇಕೇ? ಹೆಂಗಸರು ಒಬ್ಬೊಬ್ಬರೇ ಬಂದು ಕೂತರು. ಅವರ ಜೊತೆ ಐಲ್ಸಾ ಅಮ್ಮನೂ ಬಂದರು. ಒಂದು ಮಾತಾಡದೆ, ನೆಲದ ಮೇಲೆ ನೆಟ್ಟಗೆ ಕಾಲು ಚಾಚಿ ನನ್ನ ಪಕ್ಕ ಕೂತರು. ಮಡಿಲಲ್ಲಿ ಒಂದು ಬಟ್ಟಲು ಹಿಟ್ಟು. ಎಷ್ಟು ಚೆನ್ನಾಗಿ ಕಲಿತಿದ್ದಾಳೆ ಈ ಹೆಣ್ಣು ಅಂತ ಆ ದುಃಖದಲ್ಲೂ ನನಗೆ ಅನ್ನಿಸಿತು.

ಬಹಳ ಹೊತ್ತಾದ ಮೇಲೆ ಅವರು ಮೆಲ್ಲಗೆ ಕೇಳಿದರು. "ಫಲೆಸಿ, ತೀರಿಕೊಂಡವರು ಯಾರು?"

"ಯಾರೂ ಇಲ್ಲ ಅಮ್ಮ. ಗಂಡಿನ ಕಡೆಯೋರು ಹ್ಯಾಟೆ ವಾಪಸ್ ಕಳಿಸಿದ್ರು. ನಿಮ್ಮ ಹುಡುಗಿ ನಮಗೆ ಬೇಡ ಅಂತ. ನನ್ನ ಮಗಳ ಬದುಕು ಮುಗೀತು."

ಐಲ್ಸಾ ಅಮ್ಮ ಬಟ್ಟಲನ್ನು ಕೆಳಗಿಟ್ಟರು. ಮುಖ ಆ ಹಿಟ್ಟಿನ ಬಣ್ಣಕ್ಕೆ ತಿರುಗಿತ್ತು.

"ಫಲೆಸಿ," ಅಂದರು, "ಹ್ಯಾಟೆಯು ಹಿಂದಿರುಗಿ ಬಂದರೆ ಹೀಗೆ ಅರ್ಥವಾದರೆ... ಹುಂಜವು ಹಿಂದಿರುಗಿ ಹೋದರೆ ಏನು ಅರ್ಥ?"

ಜಗುಲಿ ಪೂರ್ತಿ ನನ್ನ ಕಡೆ ತಿರುಗಿತು. ನಾನು ಎದ್ದು ನಿಂತೆ, ಉಟ್ಟ ಚಿತೆಂಜೆ ಬಟ್ಟೆಯನ್ನು ಸೊಂಟಕ್ಕೆ ಬಿಗಿಯಾಗಿ ಸುತ್ತಿಕೊಂಡೆ. ಬೇಲಿಯ ಉಳಿದರ್ಧವೂ ಅವತ್ತೇ ಬಿತ್ತು.

ಅಯ್ಯನೋರು ತಮ್ಮ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು. ನನ್ನನ್ನು ಕಂಡು ಮುಖ ಅರಳಿಸಿದರು. "ಸಹೋದರಿಯೇ! ಶುಭವಾರ್ತೆ. ಹುಂಜವು ತನ್ನ ಮನೆಯನ್ನು ಸೇರಿತು."

"ಲೋ ತಮ್ಮಾ!" ಅಂದೆ. ಅಯ್ಯನೋರು ಗಿಯ್ಯನೋರು ಎಲ್ಲ ಆ ಹೊತ್ತಿಗೆ ಗಾಳಿಗೆ ಹೋಗಿತ್ತು. "ಏನ್ ಮಾಡ್ದೆ ನೀನು? ಏನ್ ಮಾಡ್ದೆ ಹೇಳು!"

ಹೇಳಿದರು. ಭಾನುವಾರವೆಲ್ಲ ಮೊಲಾಗಿ ಹುಂಜದ ಪಕ್ಕ ಕೂತಿದ್ದಳಂತೆ. ಅದು ಜೋಳ ಮುಟ್ಟಲಿಲ್ಲ, ಕೂಗಲಿಲ್ಲ. ಅದರ ಸಂಕಟ ನೋಡಲಾರದೆ ಮಗು ಅತ್ತಿತು. ಮಗುವಿನ ಸಂಕಟ ನೋಡಲಾರದೆ ತಾಯಿ ಅತ್ತರು. ಸೋಮವಾರ ಅಯ್ಯನೋರು ಹುಂಜವನ್ನು ಸೈಕಲ್ ಬುಟ್ಟಿಯಲ್ಲಿ ಕೂರಿಸಿ, ಕತ್ತಿಗೆ ನೀಲಿ ರಿಬ್ಬನ್ ಕಟ್ಟಿ, ಬರಿಗೈಲಿ ಹೋಗಬಾರದು ಅಂತ ಒಂದು ಬಾಟಲಿ ಜಾಮ್ ಹಿಡಿದು ನದಿ ದಾಟಿ ಹೋಗಿ ಮಟೆಯೊನ ಮುಂದೆ ಇಟ್ಟರಂತೆ.

"ಇಟ್ಟು ಏನಂದೆ?"

"ಇವನಿಗೆ ನಮ್ಮ ಮನೆಯಲ್ಲಿ ಸುಖವಿಲ್ಲ, ಇವನು ತನ್ನ ಜನರ ಬಳಿಯಲ್ಲೇ ಇರಲಿ ಅಂದೆನು."

"ಅಯ್ಯೋ ನನ್ನ ಕರ್ಮವೇ! ಆ ದೌದ ಕುಡಿದು ಕೆಡಿಸ್ದ, ನೀನು ಕುಡೀದೆ ಕೆಡಿಸ್ದಲ್ಲೋ! ಹುಂಜ ವಾಪಸ್ ಕೊಟ್ರೆ ಹುಡುಗ ಬೇಡ ಅಂತ ಕಣೋ! ಅದ್ರ ಮೇಲೆ ರಿಬ್ಬನ್ ಬೇರೆ ಕಟ್ಟಿ ಕಳಿಸಿದ್ದೀಯ!"

ಅವರು ಮೊದಲೇ ಬಿಳಿ, ಈಗ ಸುಣ್ಣವಾದರು. ಕೈಯಲ್ಲಿದ್ದ ಪಂಪು ಬಿತ್ತು. ಆಮೇಲೆ ಮೊದಲ ಸಲ ಪುಸ್ತಕದ ಮಾತು ಬಿಟ್ಟು, ನಮ್ಮ ಮಕ್ಕಳ ಥರ, "ಅಕ್ಕಾ, ತಪ್ಪಾಯ್ತು. ಈಗ ಏನ್ ಮಾಡ್ಲಿ?" ಅಂದರು.

ಅಕ್ಕಾ ಅಂದಮೇಲೆ ಎಷ್ಟು ಅಂತ ಬೈಯಲಿ? "ನಡೀರಿ ಎಲ್ಲ" ಅಂದೆ.

ಮಟೆಯೊನ ಅಂಗಳದ ಹೊರಗೆ ಮಣ್ಣಿನಲ್ಲಿ ನಾವು ನಾಲ್ಕು ಜನ ಕೂತೆವು. ತಪ್ಪು ಮಾಡಿದವರು ಅಂಗಳದ ಒಳಗೆ ಕಾಲಿಡುವುದಿಲ್ಲ, ಕರೆಯುವವರೆಗೂ ಕೂರಬೇಕು. ನಾನು, ಅಯ್ಯನೋರು, ಐಲ್ಸಾ ಅಮ್ಮ, ಮೊಲಾಗಿ. ನನ್ನ ತೊಡೆಯ ಮೇಲೆ ಚುಕ್ಕೆ ಹ್ಯಾಟೆ. ಮಟೆಯೊ ಮಾವಿನ ಮರದ ನೆರಳಲ್ಲಿ ಚಾಪೆ ಹೆಣೆಯುತ್ತಿದ್ದ, ನಮ್ಮ ಕಡೆ ಕಣ್ಣೆತ್ತಲಿಲ್ಲ. ಹುಂಜ ಅವನ ಸುತ್ತ ರಿಬ್ಬನ್ ಸಮೇತ ಓಡಾಡುತ್ತಾ ಊರಿಗೆಲ್ಲ ಕೇಳುವ ಹಾಗೆ ಕೂಗುತ್ತಿತ್ತು. ಅದರ ಒಂದೊಂದು ಕೂಗಿಗೂ ನನ್ನ ಮಾನ ಹರಾಜಾಗುತ್ತಿತ್ತು. ಸೈಕಲ್ ಅಂಗಡಿಯ ಮುಂದೆ ಲೆವಿಸೋನಿ ಒಂದು ಚಕ್ರವನ್ನು ಹಿಡಿದು ಸುಮ್ಮನೆ ತಿರುಗಿಸುತ್ತಾ ನಿಂತಿದ್ದ, ಮುಖ ಬಾಡಿತ್ತು.

ಬಿಸಿಲು ನೆತ್ತಿಗೆ ಬಂತು. ಅಯ್ಯನೋರ ಮೂಗು ಬದನೆಕಾಯಿ ಬಣ್ಣಕ್ಕೆ ತಿರುಗಿತು. ಕೊನೆಗೆ ಮಟೆಯೊನ ಹೆಂಡತಿ ಎಲೆಸಿ ಒಳಗಿಂದ ಕೂಗಿದಳು. "ನೋಡ್ರೀ, ಆ ಬಿಳೀ ಮನುಷ್ಯ ಬೆಂದು ಹೋಗ್ತಾವ್ನೆ. ಸತ್ರೆ ನಮ್ಮ ತಲೆಗೇ ಬರುತ್ತೆ."

ಮಟೆಯೊ ಬನ್ನಿ ಅನ್ನುವ ಹಾಗೆ ಗದ್ದ ಎತ್ತಿದ. ಅಯ್ಯನೋರು ಒಳಗೆ ಹೋಗಿ ಬೊಗಸೆ ಚಪ್ಪಾಳೆ ತಟ್ಟಿ ಶುರು ಮಾಡಿದರು. ಗಾಬರಿಗೆ ಮತ್ತೆ ಪುಸ್ತಕದ ಮಾತೇ ಬಂತು. "ಓ ಹಿರಿಯನೇ, ನಾನು ಮಣ್ಣಿಗೆ ಸಮಾನನೂ ಧೂಳಿಗೆ ಸಮಾನನೂ..."

"ಎಲೆಸಿ, ಇವ್ರಿಗೆ ಮೊದ್ಲು ನೀರು ಕೊಡೇ" ಅಂದ ಮಟೆಯೊ. "ಫಲೆಸಿ, ನೀನು ಹೇಳಮ್ಮ. ನನ್ನ ಸೋದರಳಿಯನಲ್ಲಿ ಏನ್ ಕೊರತೆ ಕಂಡ್ರಿ? ಕೈಗೆ ಕೆಲ್ಸ ಇಲ್ವಾ? ಕುಡೀತಾನಾ? ನಲವತ್ತು ಮನೆ ನೋಡೋ ಹಾಗೆ ರಿಬ್ಬನ್ ಕಟ್ಟಿ ವಾಪಸ್ ಕೊಡೋ ಅಂಥಾದ್ದು ಏನ್ ಮಾಡ್ದ?"

ನನ್ನ ಬಾಯಿ ಯಾವತ್ತೂ ಕಟ್ಟಿದ್ದಲ್ಲ, ಅವತ್ತು ಕಟ್ಟಿತು. ಏನಂತ ಹೇಳಲಿ? ಕೋಳಿಗೆ ಬೇಜಾರಾಗಿತ್ತು ಅಂತಲೇ?

ಆಗ ಮೊಲಾಗಿ ಎದ್ದಳು. ಮೂಗು ಒರೆಸಿಕೊಂಡು ಮುದುಕನ ಮುಂದೆ ನಿಂತಳು.

"ಅಜ್ಜಾ, ಅಪ್ಪಂದೇನಿಲ್ಲ, ಎಲ್ಲಾ ನಂದೇ. ಹುಂಜ ನಮ್ಮನೇಲಿ ಒಂದು ಕಾಳೂ ತಿನ್ಲಿಲ್ಲ. ಕೂಗ್ಲೂ ಇಲ್ಲ. ಬೇಲಿ ಹತ್ರ ನಿಂತು ಬರೀ ನದಿ ಕಡೆಗೇ ನೋಡ್ತಿತ್ತು."

"ಅದು ನದಿ ಕಡೆ ನೋಡ್ತಿತ್ತು ಅಂತ ನಿನಗೆ ಹೆಂಗೆ ಗೊತ್ತು? ಕೋಳಿ ಯಾವ ಕಡೆ ನೋಡುತ್ತೆ ಅಂತ ಕೋಳಿಗೇ ಗೊತ್ತಿರಲ್ಲ."

"ಗೊತ್ತು ಅಜ್ಜಾ. ನಾನೂ ಬಂದಾಗ ಹಂಗೇ ನಿಂತಿದ್ದೆ. ಗೇಟ್ ಹತ್ರ. ಲಾರಿ ಬಂದ ದಾರಿ ಕಡೆ. ನನ್ನ ಅಜ್ಜಿ ಅಲ್ಲಿದ್ದಾಳಲ್ಲ ಅದಕ್ಕೆ. ಎಲ್ಲರೂ ಉಣ್ಣು ಉಣ್ಣು ಅಂತಿದ್ರು. ಹೊಟ್ಟೆ ಹಸೀತಿರ್ಲಿಲ್ಲ, ಬೇರೇನೋ ಆಗ್ತಿತ್ತು. ಅದಕ್ಕೇ ಅಪ್ಪಂಗೆ ಹೇಳ್ದೆ, ಇದರ ಊರಾದ್ರೂ ಹತ್ರ ಇದೆ, ಬಿಟ್ಟು ಬಾ ಅಂತ."

ಮಟೆಯೊನ ಕೈಯಲ್ಲಿ ಚಾಪೆ ನಿಂತಿತ್ತು. ಮಾತಾಡಿದವಳು ಎಲೆಸಿ.

"ಇವ್ರೂ ಹಂಗೇ ನಿಂತಿದ್ರು ಕಣೇ ಮಗಳೇ" ಅಂದಳು, ನೀರಿನ ಚೊಂಬು ಕೈಯಲ್ಲೇ ಇಟ್ಟುಕೊಂಡು. "ನನ್ನ ಮದ್ವೆ ಆಗಿ ನಮ್ಮೂರಿಗೆ ಅಳಿಯ ಆಗಿ ಬಂದ್ರಲ್ಲ, ಒಂದು ವರ್ಷ ಸಂಜೆ ಆದ್ರೆ ಆ ಹುತ್ತದ ಹತ್ರ ನಿಂತು ಗುಡ್ಡದ ಕಡೆ ನೋಡೋರು. ನಮ್ಮಮ್ಮ, ಎಂಥಾ ಮೈಗಳ್ಳನ್ನ ತಂದ್ಯೇ, ಬರೀ ನಿಂತೇ ಇರ್ತಾನಲ್ಲ ಅಂತ ನನ್ನೇ ಬೈಯೋಳು."

"ನಿಮ್ಮಮ್ಮ ಬೈಯ್ಯದೆ ಇದ್ದಿದ್ದು ಯಾರನ್ನ?" ಅಂದ ಮಟೆಯೊ. ದನಿ ಒಡೆದಿತ್ತು. ಕೆಮ್ಮಿ ಸರಿ ಮಾಡಿಕೊಂಡ. ನಾವು ಅಯ್ಯನೋರಿಗೆ ಕಲಿಸಿದ ಕೆಮ್ಮಿನ ಹಾಗಿರಲಿಲ್ಲ ಅದು.

ಎದ್ದು ಹೋಗಿ ಹುಂಜವನ್ನು ಹಿಡಿದು ತಂದು ಮೊಲಾಗಿಯ ಕಂಕುಳಲ್ಲಿ ತುರುಕಿದ. ನನ್ನ ತೊಡೆಯ ಮೇಲಿದ್ದ ಹ್ಯಾಟೆಯನ್ನು ಎತ್ತಿ ಅವಳ ಇನ್ನೊಂದು ಕಂಕುಳಲ್ಲಿ ಇಟ್ಟ.

"ಎರಡನ್ನೂ ಕರ್ಕೊಂಡ್ ಹೋಗು. ಈ ಹ್ಯಾಟೆ ನಮ್ದು. ಬುಟ್ಟೀಲೇ ಮೊಟ್ಟೆ ಇಟ್ಟು ನಮ್ಮನೇ ಉಪ್ಪು ತಿಂದಿದೆ, ಅದಕ್ಕೇ ಎಲೆಸಿ ಕೊಯ್ಯೋಕೆ ಬಿಡ್ಲಿಲ್ಲ. ಹುಂಜದ ಜೊತೆಗೆ ಇರ್ಲಿ. ಒಂಟಿಯಾಗಿ ಕಳಿಸಿದ್ದು ನಮ್ಮದೇ ತಪ್ಪು."

ನನಗೆ ಜೀವ ಬಂತು, ಜೀವದ ಜೊತೆ ಬಾಯಿಯೂ ಬಂತು. "ಹಂಗಾದ್ರೆ ಮಾತು? ಉಣ್ಣದೆ ಇದ್ರೆ ಮಾತು ಹೆಂಗಯ್ಯಾ ಗಟ್ಟಿಯಾಗುತ್ತೆ?"

"ಉಂಡಿದ್ದು ನಾಳೆ ಬೆಳಿಗ್ಗೆಗೆ ಮರ್ತು ಹೋಗುತ್ತೆ, ಫಲೆಸಿ. ಈ ಹುಂಜ ದಿನಾ ಕೋಳಿ ಕೂಗೋ ಹೊತ್ತಿಗೆ ನಿನ್ನ ಕಿವೀಲಿ ಕೂಗುತ್ತೆ, ನನ್ನ ಸೋದರಳಿಯ ನಿನ್ನ ಮನೆ ಅಳಿಯ ಅಂತ. ಅದಕ್ಕಿಂತ ಗಟ್ಟಿ ಬೇಕಾ? ಆದ್ರೆ ಇದನ್ನ ಯಾರಾದ್ರೂ ಇನ್ನೊಂದ್ಸಲ ನನ್ನ ಅಂಗಳದಲ್ಲಿ ಬಿಟ್ಟು ಹೋದ್ರೆ, ಅವತ್ತೇ ಮದ್ವೆ ಮುರೀತು ಅಂತ ತಿಳ್ಕೊಳ್ಳಿ." ಆಮೇಲೆ ಅಯ್ಯನೋರ ಕಡೆ ತಿರುಗಿದ. "ದಂಡ ಕಟ್ಬೇಕು ಬೀಗರೇ. ಆ ಕೆಂಪು ಸಿಹಿ ಚಟ್ನಿ ಇನ್ನೊಂದು ಬಾಟ್ಲಿ."

ಲೆವಿಸೋನಿ ಚಕ್ರ ಎಸೆದು ಕುಣಿದದ್ದನ್ನು ನಾನು ನೋಡಿದೆ, ನೋಡದವಳ ಹಾಗೆ ಇದ್ದೆ. ಅತ್ತೆಯಾಗುವವಳು ಎಲ್ಲವನ್ನೂ ನೋಡಬಾರದು.

ಊರಿಗೆ ಬಂದು ನನ್ನ ಮನೆಯ ಮುಚ್ಚಿದ ಬಾಗಿಲ ಮುಂದೆ ಮೊಲಾಗಿ ಎರಡು ಕೋಳಿಗಳನ್ನೂ ಕೆಳಗೆ ಬಿಟ್ಟಳು. ಹುಂಜ ಒಮ್ಮೆ ರೆಕ್ಕೆ ಬಡಿದು ಗಂಟಲು ಹರಿಯುವ ಹಾಗೆ ಕೂಗಿತು. ಬಾಗಿಲು ತೆರೆಯಿತು. ತಿಯಾಮಿಕೆ ಹುಂಜವನ್ನು ನೋಡಿದಳು, ಆಮೇಲೆ ಅದರ ರಿಬ್ಬನ್ ನೋಡಿದಳು, ಆಮೇಲೆ ಗೊಳೋ ಅಂತ ಅಳತೊಡಗಿದಳು. ಅಯ್ಯನೋರೂ ಅತ್ತರು. ನಾನು ಅಳಲಿಲ್ಲ ಅಂದರೆ ನಂಬಬೇಡಿ.

ಸುಗ್ಗಿ ಮುಗಿದ ಮೇಲೆ ಮದುವೆಯಾಯಿತು. ಅಯ್ಯನೋರು ದೀರ್ಘವಾಗಿ ಉಪದೇಶ ಮಾಡಿದರು, ನಡುನಡುವೆ ಹುಂಜವೂ ಮಾಡಿತು. ತಿಯಾಮಿಕೆ ಈಗ ನೀರಿಗೆ ಎಲ್ಲರ ಜೊತೆ ಹೋಗುತ್ತಿದ್ದಳು, ಎಲ್ಲರಿಗಿಂತ ಗಟ್ಟಿಯಾಗಿ ನಗುತ್ತಿದ್ದಳು.

ಲೆವಿಸೋನಿ ಒಂದು ಗುದ್ದಲಿ, ಒಂದು ಪೆಟ್ಟಿಗೆ ಸ್ಪ್ಯಾನರ್ ಹೊತ್ತು ನನ್ನ ಅಂಗಳಕ್ಕೆ ಬಂದ. ಒಳ್ಳೆಯ ಹುಡುಗ. ಬಂದ ಮಾರನೇ ದಿನವೇ ಕಕ್ಕಸು ಗುಂಡಿ ಶುರು ಮಾಡಿಸಿದೆ. ಮಧ್ಯಾಹ್ನದವರೆಗೆ ಸೊಂಟದಷ್ಟು ಆಳ ತೋಡಿದ. ಸಂಜೆ ನೋಡಿದರೆ ಗುಂಡಿ ಅಷ್ಟೇ ಇದೆ, ಗುದ್ದಲಿ ಮಣ್ಣಲ್ಲಿ ಬಿದ್ದಿದೆ, ಅಳಿಯ ನಾಪತ್ತೆ. ಅಳಿಯ ಮನೆ ತೊಳಿಯ ಅಂತ ಗಾದೆ ಸುಮ್ಮನೆ ಆಯಿತೇ? ಸೆರಗು ಸಿಕ್ಕಿಸಿಕೊಂಡು ಹುಡುಕಿಕೊಂಡು ಹೋದೆ. ಬಾಯಲ್ಲಿ ಬೈಗುಳ ಪೂರ್ತಿ ತಯಾರಿತ್ತು.

ಅವನು ಬಿದ್ದ ಬೇಲಿಯ ಹತ್ತಿರ ನಿಂತಿದ್ದ, ಬೆನ್ನು ನನ್ನ ಕಡೆ. ಮುಖ ನದಿಯ ಕಡೆ. ಆಚೆ ದಡದಲ್ಲಿ ಅವರ ಊರಿನ ಒಲೆಗಳ ಹೊಗೆ ಮೇಲೇಳುತ್ತಿತ್ತು. ಅವನ ಕಾಲ ಹತ್ತಿರ ಹುಂಜವೂ ಇತ್ತು.

ಅಷ್ಟು ದೊಡ್ಡ ಗಂಡಸು, ಭುಜ ನೋಡಿದರೆ ಲಾರಿ ಎತ್ತುವ ಹಾಗಿದ್ದ, ಅಲ್ಲಿ ನಿಂತಿದ್ದಾಗ ಮಾತ್ರ ಗೇಟಿನ ಹತ್ತಿರದ ಆ ಕೆಂಪು ಕೂದಲಿನ ಕೂಸಿನಷ್ಟೇ ಕಂಡ. ನಾನು ಹೋಗಿ ಪಕ್ಕದಲ್ಲಿ ನಿಂತೆ. ಅವನು ಬೆಚ್ಚಿ, "ಗುಂಡಿ ಈಗ್ಲೇ ಮುಗಿಸ್ತೀನಿ ಅತ್ತೆ" ಅಂದ.

"ಗುಂಡಿ ಎಲ್ಲೂ ಓಡಿ ಹೋಗಲ್ಲ. ಬಾ, ಉಣ್ಣು" ಅಂದೆ. "ನಾಳೆ ಬೆಳಿಗ್ಗೆ ಎದ್ದು ಊರಿಗೆ ಹೋಗಿ ನಿಮ್ಮೋರನ್ನೆಲ್ಲ ನೋಡ್ಕೊಂಡ್ ಬಾ. ಹುಂಜನೂ ಕರ್ಕೊಂಡ್ ಹೋಗು, ಪಾಪ, ಅದೂ ನೋಡ್ಲಿ."

ಅವನ ಕಣ್ಣು ತುಂಬಿ ಬಂತು. ನನಗೂ ಬರುವ ಹಾಗಾಯಿತು, ಅದಕ್ಕೇ ಅವನ ಭುಜಕ್ಕೊಂದು ಗುದ್ದು ಕೊಟ್ಟೆ.

"ಆದ್ರೆ ಸಂಜೆ ಅದನ್ನ ಅಲ್ಲೇ ಮರ್ತು ಬಂದೀಯ, ಜೋಕೆ! ನಿನ್ನ ಬೇಕಾದ್ರೆ ಬಿಟ್ಟು ಬಾ, ಹುಂಜನ್ನ ಬಿಟ್ಟು ಬರ್ಬೇಡ!"